ತಮ್ಮ ಜೈಲಿನಲ್ಲಿ, ಅವನ ಮಾತ್ರೆ ಮನೆಯಲ್ಲಿ: ವಕೀಲರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ಹೊಸನಗರ ತಾಲ್ಲೂಕಿನಿಂದ, ಹೆಸರು ಬೇಡ ಎಂದಿದ್ದಾರೆ):
ವಕೀಲರೇ, ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತೋರಿಸಿ ಮಾತ್ರೆ ಕೊಡುತ್ತಿದ್ದೆವು, ತೋಟದ ಕೆಲಸ ಮಾಡಿಕೊಂಡು ಚೆನ್ನಾಗಿಯೇ ಇದ್ದ. ಈ ಮಳೆಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದರು, ಮಾತ್ರೆ ತರುವುದು ನಿಂತುಹೋಯಿತು. ಬಸ್ಸಿನವರು ತನ್ನ ವಿಷಯವೇ ಮಾತಾಡಿಕೊಳ್ಳುತ್ತಾರೆ ಅಂತ ಶುರು ಮಾಡಿದ. ಹೋದ ವಾರ ನಿಂತಿದ್ದ ಬಸ್ಸಿಗೆ ಕಲ್ಲು ಹೊಡೆದ. ಗಾಜು ಒಡೆಯಿತು, ಕಂಡಕ್ಟರ್ ಹಣೆಗೆ ಹೊಲಿಗೆ ಬಿತ್ತು. ಈಗ ನ್ಯಾಯಾಂಗ ಬಂಧನದಲ್ಲಿದ್ದಾನೆ. ಜೈಲು ಬಿಡಿಸಿ ಚಿಕಿತ್ಸೆ ಕೊಡಿಸಲು ಆಗುವುದಿಲ್ವಾ? ಊರಿನಲ್ಲಿ, "ಹುಚ್ಚ ಅಂತ ಸರ್ಟಿಫಿಕೇಟ್ ತನ್ನಿ, ಕೇಸೇ ಬಿದ್ದುಹೋಗುತ್ತೆ" ಅನ್ನುತ್ತಾರೆ. ನಿಜವಾ?

ಉತ್ತರ (ಶಿವಮೊಗ್ಗದ ವಕೀಲರು):
ಅಕ್ಕ, ಕೇಸಿನ ಮಾತು ಆಮೇಲೆ. ಮೊದಲು ಮೆಗ್ಗಾನ್ ಚೀಟಿಯ ಜೆರಾಕ್ಸ್ ತೆಗೆದು ಜೈಲಿನ ವೈದ್ಯಾಧಿಕಾರಿಗೆ ಮುಟ್ಟಿಸಿ. ಬರೀ ಮಾತ್ರೆ ಪಟ್ಟಿ ಕೊಟ್ಟು ಬರಬೇಡಿ. ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಬೆಳಗ್ಗೆಯೋ ರಾತ್ರಿಯೋ, ಕೊನೆಯ ಸಲ ಯಾವಾಗ ನುಂಗಿದ, ಇಷ್ಟನ್ನೂ ಒಂದು ಅರ್ಜಿಯಲ್ಲಿ ಬರೆದು ಕೊಡಿ. ಇನ್ನೊಂದು ಪ್ರತಿಗೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 103ನೇ ಸೆಕ್ಷನ್ ಪ್ರಕಾರ ಕಾಯಿಲೆ ಇರುವ ಕೈದಿಯನ್ನು ಜೈಲು ಆಸ್ಪತ್ರೆಯ ಮನೋರೋಗ ವಾರ್ಡಿನಲ್ಲಿ ಇಡಬೇಕು. ಅಲ್ಲಿ ವಾರ್ಡ್ ಇಲ್ಲದಿದ್ದರೆ ಅದೇ ಕಾಯ್ದೆಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಒಪ್ಪಿಗೆ ಪಡೆದು ಹೊರಗಿನ ಆಸ್ಪತ್ರೆಗೆ ಕಳಿಸಬಹುದು.

ಇನ್ನು ಸರ್ಟಿಫಿಕೇಟ್ ವಿಷಯ. ಅದು ಅರ್ಧ ಸತ್ಯ, ಅದಕ್ಕೇ ಜಾಸ್ತಿ ಅಪಾಯ. ಭಾರತೀಯ ನ್ಯಾಯ ಸಂಹಿತೆಯ 22ನೇ ಸೆಕ್ಷನ್ (ಹಳೆಯ ಐಪಿಸಿ 84) ಕೇಳುವುದು ಕಲ್ಲು ಎಸೆದ ಆ ಹೊತ್ತಿನ ಬಗ್ಗೆ. ತಾನು ಏನು ಮಾಡುತ್ತಿದ್ದೇನೆ ಎನ್ನುವುದು ಅಥವಾ ಅದು ತಪ್ಪು ಎನ್ನುವುದು ಕಾಯಿಲೆಯಿಂದಾಗಿ ಅವನಿಗೆ ತಿಳಿಯದೇ ಇತ್ತಾ? ಕಾಯಿಲೆ ಇದೆ ಅನ್ನುವುದೊಂದೇ ಸಾಲದು. ಅದನ್ನು ತೋರಿಸುವ ಹೊಣೆಯೂ ನಮ್ಮ ಮೇಲೆಯೇ. ವಿಚಾರಣೆ ನಡೆದು ತೀರ್ಪು ಬರುವಾಗಿನ ಮಾತು ಅದು. ಈಗ ಅವನನ್ನು ಹೊರಗೆ ತರುವುದಕ್ಕೆ ಬೇರೆ ದಾರಿ ಹಿಡಿಯಬೇಕು.

ದಾರಿ ಎರಡಿವೆ. ಕೋರ್ಟಿನಲ್ಲಿ ಏನು ನಡೆಯುತ್ತಿದೆ ಅಂತ ಅವನಿಗೆ ಅರ್ಥವಾಗುತ್ತದೆ, ವಕೀಲರಿಗೆ ತನ್ನ ಮಾತು ಹೇಳಬಲ್ಲ ಎಂದಾದರೆ ಮಾಮೂಲಿ ಜಾಮೀನು ಅರ್ಜಿ ಹಾಕಿ, ಕಾಯಿಲೆಯನ್ನು ಕಾರಣವಾಗಿ ತೋರಿಸಿ, ಚಿಕಿತ್ಸೆಯ ಷರತ್ತನ್ನು ನಾವೇ ಕೇಳಿಕೊಳ್ಳುವುದು. ಅಷ್ಟೂ ತಿಳಿಯದ ಸ್ಥಿತಿಯಲ್ಲಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್, ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದದ್ದು) 367ರ ಕೆಳಗೆ ವೈದ್ಯಕೀಯ ಪರೀಕ್ಷೆ ಕೇಳಬೇಕು. ಆಗ 369ನೇ ಸೆಕ್ಷನ್ ಕೈಗೆ ಬರುತ್ತದೆ. ಅದು ಒಳ್ಳೆಯ ಸೆಕ್ಷನ್. ಜಾಮೀನು ಸಿಗುವ ಅಪರಾಧವೋ ಅಲ್ಲವೋ, ಒಳರೋಗಿಯಾಗಿ ಇಡಬೇಕಾದ ಸ್ಥಿತಿ ಇಲ್ಲದಿದ್ದರೆ ಬಿಡಬೇಕು ಅನ್ನುತ್ತದೆ. ಆದರೆ ಒಬ್ಬ ಸಂಬಂಧಿಕ ಅಥವಾ ಸ್ನೇಹಿತ ಮುಂದೆ ಬಂದು, ಹತ್ತಿರದ ಆಸ್ಪತ್ರೆಯಲ್ಲಿ ತಪ್ಪದೆ ಚಿಕಿತ್ಸೆ ಕೊಡಿಸುತ್ತೇನೆ, ಯಾರಿಗೂ ತೊಂದರೆ ಆಗದಂತೆ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಡಬೇಕು. ಪರೀಕ್ಷೆಯ ವರದಿ ಬರುವ ಮೊದಲೇ ಇದನ್ನು ಕೇಳಲೂ ಅವಕಾಶವಿದೆ.

ನೀವು ಬರೆದದ್ದು ನೋಡಿದರೆ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ. ಕೆಲವು ವಕೀಲರು ಸಲೀಸು ಅಂತ ಎರಡನೆಯದಕ್ಕೆ ಕೈ ಹಾಕುತ್ತಾರೆ. ವಿಚಾರಣೆಗೆ ಯೋಗ್ಯನಲ್ಲ ಎಂದು ಒಮ್ಮೆ ಆದರೆ ಕೇಸು ಅಲ್ಲೇ ನಿಲ್ಲುತ್ತದೆ, ಮುಗಿಯುವುದಿಲ್ಲ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರನ್ನು 1951ರಲ್ಲಿ ಹಿಡಿದು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದ್ದರು. 1967ರಲ್ಲೇ ಡಾಕ್ಟರು ಗುಣವಾಗಿದ್ದಾರೆ ಎಂದು ಬರೆದರೂ ಅವರು ಹೋದದ್ದು ಮನೆಗಲ್ಲ, ಗುವಾಹಟಿ ಜೈಲಿಗೆ. ವಿಚಾರಣೆಯೇ ನಡೆಯದೆ 2005ರಲ್ಲಿ ಒಂದು ರೂಪಾಯಿ ಬಾಂಡಿನ ಮೇಲೆ ಹೊರಬಂದರು. ಯಾವ ದಾರಿಗಾದರೂ ವಾಯ್ದೆ ದಿನ ಕೋರ್ಟಿನಲ್ಲಿ ಹಾಜರಿದ್ದು ಕೇಳುವವರು ಒಬ್ಬರು ಬೇಕು.

ಮರುಪ್ರಶ್ನೆ (ಅವರೇ):
ಬರೆದುಕೊಡಲು ನಾನು ತಯಾರಿದ್ದೇನೆ ಸರ್. ಆದರೆ ಬರೀ "ನೋಡಿಕೊಳ್ಳುತ್ತೇನೆ" ಅಂದರೆ ನ್ಯಾಯಾಧೀಶರು ನಂಬುತ್ತಾರಾ?

ಉತ್ತರ:
ನಂಬುವುದಿಲ್ಲ. ನಂಬಬೇಕಾಗಿಯೂ ಇಲ್ಲ. ಕಂಡಕ್ಟರಿಗೂ ಮನೆಯವರಿದ್ದಾರೆ ಅಲ್ವಾ? ಇಂಥ ಅರ್ಜಿಗೆ ನಾನು ಒಂದು ಪುಟ ಜೋಡಿಸುತ್ತೇನೆ, ಅರ್ಜಿಗಿಂತ ಆ ಪುಟ ಬರೆಯಲು ಹೊತ್ತು ಹಿಡಿಯುತ್ತದೆ. ಮಾತ್ರೆ ಯಾರ ವಶದಲ್ಲಿರುತ್ತದೆ? ಅಮ್ಮನ ಹತ್ತಿರ ಬೇಡ, ನಿಮ್ಮ ಹತ್ತಿರ. ರಾತ್ರಿ ಊಟ ಆದ ಮೇಲೆ ನಿಮ್ಮೆದುರೇ ನುಂಗಬೇಕು, ನುಂಗಿದ ಮೇಲೆ ಬಾಯಿ ತೆರೆದು ತೋರಿಸಬೇಕು. ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಗುರುತು ಹಾಕಬೇಕು. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋಚೈತನ್ಯ ಕ್ಲಿನಿಕ್ಕಿಗೆ ಮನೋವೈದ್ಯರು ಬರುತ್ತಾರೆ, ಮುಂದಿನ ಭೇಟಿ ಯಾವ ಮಂಗಳವಾರ? ಮಳೆ ಜೋರಾಗಿ ಬಸ್ಸು ಬರದಿದ್ದರೆ ಯಾರ ಬೈಕು? ನೀವು ಊರಲ್ಲಿ ಇಲ್ಲದ ದಿನ ಮಾತ್ರೆ ಕೊಡುವ ಇನ್ನೊಬ್ಬರ ಹೆಸರು, ಮೊಬೈಲ್ ನಂಬರ್. ನಿದ್ದೆ ಕೆಟ್ಟರೆ, ಮತ್ತೆ ಬಸ್ಸಿನವರ ಮಾತು ತೆಗೆದರೆ ಯಾರಿಗೆ ಫೋನ್ ಮಾಡುತ್ತೀರಿ? ಕ್ಲಿನಿಕ್ಕಿನಿಂದಲೂ ಎರಡು ಸಾಲು ಬರೆಸಿಕೊಳ್ಳಿ, ಇವರು ಬಂದರೆ ನೋಡುತ್ತೇವೆ ಅಂತ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಸಿಬ್ಬಂದಿಯನ್ನು ಕೇಳಿದರೆ ಇಂಥ ಪತ್ರಕ್ಕೆ ಸಹಾಯ ಮಾಡುತ್ತಾರೆ.

ಕಳೆದ ಸಲ ಮಾತ್ರೆ ತಪ್ಪಿದ್ದು ಯಾಕೆ ಎನ್ನುವುದನ್ನು ಮುಚ್ಚಿಡಬೇಡಿ. ಅಮ್ಮನಿಗೆ ಹುಷಾರಿರಲಿಲ್ಲ, ಬೇರೆ ಯಾರೂ ಇರಲಿಲ್ಲ, ಈಗ ಇದ್ದಾರೆ. ಜಾಮೀನು ನಿಂತಿರುವುದೇ ಈ ವಿವರದ ಮೇಲೆ. ಕಾಯಿಲೆಯ ಬಗ್ಗೆ ಕಣ್ಣೀರು ತರಿಸುವ ಹಾಗೆ ಬರೆದ ಅರ್ಜಿಗಳು ತಿರಸ್ಕೃತವಾಗಿದ್ದನ್ನು ನೋಡಿದ್ದೇನೆ.

ಪ್ರತಿಕ್ರಿಯೆ (ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆ):
ವಕೀಲರ ಮಾತಿಗೆ ಒಂದು ಸೇರಿಸುತ್ತೇನೆ. ದಿನಾ ಮಾತ್ರೆಯ ಜಗಳವೇ ಬೇಡ ಅನ್ನುವವರಿಗೆ ಡಿಪೋ ಇಂಜೆಕ್ಷನ್ ಇದೆ, ಒಮ್ಮೆ ಕೊಟ್ಟರೆ ವಾರಗಟ್ಟಲೆ ಕೆಲಸ ಮಾಡುತ್ತದೆ. ಫ್ಲುಫೆನಜಿನ್ ಆದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ. ತಮ್ಮನಿಗೆ ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ, ತಮ್ಮನನ್ನೂ ಕೇಳಿ. ತಪ್ಪಿದರೆ ಅವತ್ತೇ ಗೊತ್ತಾಗುತ್ತದೆ, ಕೋರ್ಟಿಗೆ ತೋರಿಸಲು ದಾಖಲೆಯೂ ಆಗುತ್ತದೆ. ರಾತ್ರಿ ಹೊತ್ತು ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ (ಆಶಾ ಕಾರ್ಯಕರ್ತೆ, ತೀರ್ಥಹಳ್ಳಿ ಕಡೆ):
ಊರಿನವರು ಒಪ್ಪದಿದ್ದರೆ? ನಮ್ಮಲ್ಲಿ ಇಂಥವರಿಗೆ ಚೌಡಿ ದೇವತೆಯ ಕಾಟ ಅಂತಲೂ ಅನ್ನುತ್ತಾರೆ, ಜೈಲಲ್ಲೇ ಇರಲಿ ಅಂತಲೂ ಅನ್ನುತ್ತಾರೆ.

ಉತ್ತರ:
ನಿಮ್ಮ ತಾಲ್ಲೂಕಿನದೇ ಉದಾಹರಣೆ ಇದೆಯಲ್ಲ ಮೇಡಂ. ನಿಮ್ಹಾನ್ಸ್‌ನವರು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಊರಿನ ಹತ್ತಿರವೇ ಔಷಧಿ ಸಿಗುವ ಹಾಗೆ ಮಾಡಿ, ವರ್ಷಗಟ್ಟಲೆ ಅವರ ಸ್ಥಿತಿ ದಾಖಲಿಸಿದ್ದಾರೆ. ಚಿಕಿತ್ಸೆಯಲ್ಲಿ ಉಳಿದವರು ಮನೆ, ತೋಟದ ಕೆಲಸಕ್ಕೆ ಮರಳುವುದು ಹೆಚ್ಚು ಎಂದು ಅಲ್ಲಿ ಕಂಡುಬಂತು. ಊರಿನವರ ಹತ್ತಿರ ಕಾನೂನು ಮಾತಾಡಬೇಡಿ. ಚೌಡಿಗೆ ಕೋಳಿ ಕೊಡುವುದನ್ನು ತಡೆಯಲೂ ಹೋಗಬೇಡಿ, ಮಾತ್ರೆ ನಿಲ್ಲಿಸದಿದ್ದರೆ ಸಾಕು. ಕಂಡಕ್ಟರ್ ಮನೆಗೆ ಅಕ್ಕ ಒಮ್ಮೆ ಹೋಗಿ ಬರಲಿ. ರಾಜಿಗೆ ಒತ್ತಾಯ ಬೇಡ. ಆಸ್ಪತ್ರೆ ಖರ್ಚು ವಿಚಾರಿಸಲಿ.

ಪ್ರಶ್ನೆ (ಸಾಗರದಿಂದ):
ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಪರಿಚಿತ ಸುಮ್ನೆ ಓಡಾಡಿಕೊಂಡಿದ್ದಾನೆ, ತನ್ನಷ್ಟಕ್ಕೆ ಮಾತಾಡುತ್ತಾನೆ. ಅಪರಾಧ ಏನೂ ಮಾಡಿಲ್ಲ. ಪೊಲೀಸರಿಗೆ ಹೇಳಿದರೆ ಲಾಕಪ್ಪಿಗೆ ಹಾಕುತ್ತಾರಾ?

ಉತ್ತರ:
ಹಾಕುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಸೆಕ್ಷನ್ ಹೇಳುವುದು ಸ್ಪಷ್ಟವಾಗಿದೆ: 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು. ಮನೆಮಠ ಗೊತ್ತಿಲ್ಲದಿದ್ದರೆ ಕಾಣೆಯಾದವರ ಎಫ್‌ಐಆರ್ ಹಾಕಿ ಮನೆಯವರನ್ನು ಹುಡುಕುವುದು ಠಾಣೆಯ ಕೆಲಸ. ಅಪರಾಧ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಶೀಲಾ ಬರ್ಸೆ ಪ್ರಕರಣದಲ್ಲಿ 1993ರಲ್ಲೇ ಹೇಳಿದೆ. ದೂರು ಬಾಯಲ್ಲಿ ಹೇಳಬೇಡಿ, ಸೆಕ್ಷನ್ ನಂಬರ್ ಹಾಕಿ ಬರೆದು ಕೊಡಿ.

ಪ್ರಶ್ನೆ (ಭದ್ರಾವತಿಯ ಕಾನೂನು ವಿದ್ಯಾರ್ಥಿ):
ಅಮೆರಿಕದಲ್ಲಿ ಮಾನಸಿಕ ಕಾಯಿಲೆ ಇರುವ ಆರೋಪಿಗಳಿಗೆ ಬೇರೆ ಕೋರ್ಟುಗಳೇ ಇವೆಯಂತೆ ಸರ್. ಇಲ್ಲಿ ಯಾಕಿಲ್ಲ?

ಉತ್ತರ:
ಅಲ್ಲಿ ಇವೆ ನಿಜ. ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 1997ರಲ್ಲಿ ಶುರುವಾಯಿತು. ಪಕ್ಕದ ಮಯಾಮಿ-ಡೇಡ್‌ನಲ್ಲಿ ನ್ಯಾಯಾಧೀಶ ಸ್ಟೀವ್ ಲೀಫ್‌ಮನ್ 2000ದಲ್ಲಿ ಶುರು ಮಾಡಿದ ಯೋಜನೆಯಲ್ಲಿ ಸಣ್ಣ ಕೇಸಿನವರನ್ನು ಜೈಲಿನಿಂದ ಚಿಕಿತ್ಸಾ ಕೇಂದ್ರಕ್ಕೆ ಕಳಿಸುತ್ತಾರೆ. ಚಿಕಿತ್ಸೆ ಸರಿಯಾಗಿ ನಡೆದರೆ ಆರೋಪ ಕೈಬಿಡುವುದೂ ಉಂಟು. ಇಂಥವರನ್ನು ನಿಭಾಯಿಸಲು ಪೊಲೀಸರಿಗೆ 40 ಗಂಟೆಯ ತರಬೇತಿ ಕೊಡುತ್ತಾರೆ, ಆ ತರಬೇತಿ 1988ರಲ್ಲಿ ಅಮೆರಿಕದ್ದೇ ಮೆಂಫಿಸ್ ನಗರದಲ್ಲಿ ಶುರುವಾದದ್ದು. ಅಲ್ಲಿ ಆರೋಪಿ ಚಿಕಿತ್ಸೆ ತಪ್ಪಿಸದಂತೆ ಹಿಂದೆ ಬೀಳಲು ಸಂಬಳದ ಒಬ್ಬ ನೌಕರ ಇರುತ್ತಾನೆ. ಇಲ್ಲಿ ಆ ಕೆಲಸ ಅಕ್ಕ ಮಾಡಬೇಕು. ನನ್ನನ್ನು ಕೇಳಿದರೆ ನಮಗೆ ಹೊಸ ಕೋರ್ಟಿಗಿಂತ ಮೊದಲು ಬೇಕಾದದ್ದು ಪ್ರತಿ ತಾಲ್ಲೂಕು ಕೋರ್ಟಿನ ಜೊತೆ ಓಡಾಡುವ ಒಬ್ಬ ಸಮಾಜ ಕಾರ್ಯಕರ್ತ. ಕೋರ್ಟು ಬರೆದ ಷರತ್ತನ್ನು ಹಳ್ಳಿಯಲ್ಲಿ ನಡೆಸುವವರೇ ಇಲ್ಲದಿದ್ದರೆ ಆದೇಶ ಫೈಲಿನಲ್ಲಿ ಉಳಿಯುತ್ತದೆ.

ಮರುಪ್ರಶ್ನೆ (ಹೊಸನಗರದ ಅಕ್ಕ):
ಕೊನೆಯದಾಗಿ ಸರ್. ಪಹಣಿ ಇನ್ನೂ ಅಜ್ಜನ ಹೆಸರಿನಲ್ಲಿದೆ, ಶ್ಯೂರಿಟಿಗೆ ಯಾರೂ ಇಲ್ಲ. ವಕೀಲರ ಫೀಸೂ ಕಷ್ಟ.

ಉತ್ತರ:
ಫೀಸಿನ ಚಿಂತೆ ಬಿಡಿ. ಬಂಧನದಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಶಿವಮೊಗ್ಗ ಕೋರ್ಟ್ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಫೋನ್ ಮಾಡುವುದಾದರೆ 15100. ಶ್ಯೂರಿಟಿಗೆ ಸಂಬಂಧಿಕರೇ ಆಗಬೇಕೆಂದಿಲ್ಲ, ನಿಮ್ಮ ತಮ್ಮ ಕೆಲಸ ಮಾಡುತ್ತಿದ್ದ ತೋಟದ ಯಜಮಾನರನ್ನು ಕೇಳಿ ನೋಡಿ. ಅವರೂ ಒಪ್ಪದಿದ್ದರೆ ಸ್ವಂತ ಬಾಂಡಿನ ಮೇಲೆ ಬಿಡಲು ಅರ್ಜಿಯಲ್ಲೇ ಕೇಳಿಕೊಳ್ಳಬಹುದು. ಮೆಗ್ಗಾನ್ ಚೀಟಿಗಳು ಎಷ್ಟು ಹಳೆಯದಿದ್ದರೂ ಎಲ್ಲವನ್ನೂ ತನ್ನಿ. ಮಳೆಗೆ ನೆನೆದು ಅಕ್ಷರ ಹೋಗಿದ್ದರೆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ನಕಲಿಗೆ ಅರ್ಜಿ ಕೊಡಿ.