ವೆಬ್‌ಸೈಟ್ ಕ್ಲೀನ್ ಮಾಡಿದ ಮೇಲೆ ಸಿಎಸ್‌ಎಸ್ (ಪುಟದ ಅಂದಚಂದದ ಫೈಲು) ಮಾಯ, ಲೋಕಲ್‌ನಲ್ಲಿ ಮಾತ್ರ ಎಲ್ಲ ಸರಿ

ಅರೆಬರೆ_ಕೋಡ್:
ಪ್ರಾಜೆಕ್ಟ್ ಸೈಟ್‌ನ ಕಸ ಗುಡಿಸಿದೆವು. ಹಳೇ ವರ್ಷನ್ ಡಾಕ್ಸ್ (ಬಳಕೆ ಕೈಪಿಡಿ), ಯಾರೂ ಬಳಸದ ಚಿತ್ರ, ಖಾಲಿ ಫೈಲು ಎಲ್ಲ ತೆಗೆದು ಪುಶ್. ಈಗ ಪುಟ ತೆರೆಯುತ್ತೆ, ಆದರೆ ಬಿಳಿ ಹಾಳೆ ಮೇಲೆ ನೀಲಿ ಲಿಂಕುಗಳ ಸಾಲು ಅಷ್ಟೇ. ಲೋಗೋ ಇಲ್ಲ, ಸರ್ಚ್ ಸತ್ತಿದೆ. ಲೋಕಲ್‌ನಲ್ಲಿ, ಅಂದ್ರೆ ನನ್ನ ಕಂಪ್ಯೂಟರ್‌ನಲ್ಲಿ, ಎಲ್ಲ ಸರಿ. ಬ್ರೌಸರ್ ಕ್ಯಾಶ್ ತೆಗೀರಿ ಅಂತ ದಯವಿಟ್ಟು ಯಾರೂ ಹೇಳಬೇಡಿ. ತಲೆ ಕೆಟ್ಟುಹೋಗಿದೆ.

ಬಿಲ್ಡ್_ಬಿಲ್ಲೆ:
ಬೇಸ್ ಯುಆರ್‌ಎಲ್, ಅಂದ್ರೆ ಸೈಟಿನ ಮೂಲ ವಿಳಾಸದ ಸೆಟ್ಟಿಂಗ್. ನೂರಕ್ಕೆ ನೂರು ಅದೇ. ಸೈಟು ರೆಪೊ (ಕೋಡ್ ಇಡೋ ಜಾಗ) ಹೆಸರಿನ ಕೆಳಗಿದ್ದು, ಸಿಎಸ್‌ಎಸ್ ಲಿಂಕ್ ಸ್ಲ್ಯಾಶ್‌ನಿಂದ ಶುರುವಾದರೆ, ಬ್ರೌಸರ್ ನೇರ ಡೊಮೇನ್ ಬುಡಕ್ಕೆ ಹೋಗಿ 404 (ಫೈಲು ಸಿಗಲಿಲ್ಲ) ತಗೊಂಡು ಬರುತ್ತೆ. ಕಾನ್ಫಿಗ್‌ನಲ್ಲಿ ಕೊನೇ ಸ್ಲ್ಯಾಶ್ ಇದೆಯಾ ನೋಡಿ.

ಶೂನ್ಯಬೈಟ್:
ಸೈಟ್ ಕಟ್ಟೋಕೆ ಯಾವ ಜನರೇಟರ್, ಎಲ್ಲಿ ಹೋಸ್ಟ್ ಅಂತಲೇ ಬರೆದಿಲ್ಲ. ಬ್ರೌಸರ್ ಡೆವಲಪರ್ ಟೂಲ್ಸ್‌ನ ನೆಟ್‌ವರ್ಕ್ ಟ್ಯಾಬ್ ತೆಗೆದು 404 ಬರ್ತಿರೋ ಪೂರ್ತಿ ದಾರಿ ಹಾಕಿ.

ಅರೆಬರೆ_ಕೋಡ್:
ಪೈಥಾನ್ ಲೈಬ್ರರಿ ಅಂದ್ಮೇಲೆ ಸ್ಫಿಂಕ್ಸ್ ತಾನೇ! ಹೋಸ್ಟ್ ಗಿಟ್‌ಹಬ್ ಪೇಜಸ್, ರೆಪೊದ ಒಂದು ಬ್ರಾಂಚ್‌ನಿಂದ. ಬೇಸ್ ಯುಆರ್‌ಎಲ್ ತಿದ್ದಿದ್ದಾಯ್ತು, ಏನೂ ಬದಲಾಗಲಿಲ್ಲ. ಅಂಡರ್‌ಸ್ಕೋರ್ ಸ್ಟ್ಯಾಟಿಕ್ (_static) ಫೋಲ್ಡರ್ ಒಳಗಿನದ್ದೆಲ್ಲ 404. ಬ್ರಾಂಚ್‌ನಲ್ಲಿ ಆ ಫೋಲ್ಡರ್ ಕಣ್ಣೆದುರೇ ಇದೆ.

ಬಿಲ್ಡ್_ಬಿಲ್ಲೆ:
ಪೇಜಸ್ 600 ಸೆಕೆಂಡ್ ಕ್ಯಾಶ್ ಇಟ್ಟುಕೊಳ್ಳುತ್ತೆ. 10 ನಿಮಿಷ ಬಿಟ್ಟು ನೋಡಿ. ಬೇಸ್ ಯುಆರ್‌ಎಲ್ಲೇ.

ಲಿಂಕ್‌ಲೆಕ್ಕಿಗ:
ಅದಿರಲಿ, ಹಳೇ ವರ್ಷನ್ ಡಾಕ್ಸ್ ಯಾಕ್ರೀ ಅಳಿಸಿದ್ರಿ? ಹೊರಗಡೆ ಎಷ್ಟೋ ಉತ್ತರಗಳು ಆ ಪುಟಗಳಿಗೇ ಲಿಂಕ್ ಕೊಟ್ಟಿರ್ತವೆ. ಸರ್ಚ್‌ನಲ್ಲಿ ಹಳೇದು ಮೇಲೆ ಬರೋದು ತೊಂದರೆ ಅಂದ್ರೆ ಕ್ಯಾನೊನಿಕಲ್ ಟ್ಯಾಗ್ (ಅಸಲಿ ಪುಟ ಯಾವುದು ಅಂತ ಸರ್ಚ್ ಎಂಜಿನ್‌ಗೆ ಹೇಳೋದು) ಹಾಕಿ ಹೊಸ ಪುಟ ತೋರಿಸಬೇಕಿತ್ತು.

ಬಿಲ್ಡ್_ಬಿಲ್ಲೆ:
ಸೈಟಿಗೆ 1 ಜಿಬಿ ಮಿತಿ ಇದೆ ಸ್ವಾಮಿ. ಎಲ್ಲ ವರ್ಷನ್ ಹೊತ್ಕೊಂಡು ಎಲ್ಲಿಗೆ ಹೋಗೋದು?

ಲಿಂಕ್‌ಲೆಕ್ಕಿಗ:
ಒಂದು ಲೈಬ್ರರಿ ಡಾಕ್ಸ್ ಜಿಬಿಗಟ್ಟಲೆ ಆಗುತ್ತಾ? ಪ್ರತಿ ವರ್ಷನ್‌ಗೂ ಅದೇ ಫಾಂಟು, ಅದೇ ವಿಡಿಯೊ ತುಂಬಿದ್ರೆ ಆಗುತ್ತೆ. ಅದನ್ನ ತೆಗೀರಿ, ಪುಟಗಳನ್ನಲ್ಲ.

ಶೂನ್ಯಬೈಟ್:
ಜಗಳ ಆಮೇಲೆ. ಸ್ಫಿಂಕ್ಸ್ ಸಿಎಸ್‌ಎಸ್‌ಗೆ ಕೊಡೋದು ರಿಲೇಟಿವ್ ದಾರಿ (ಈಗಿರೋ ಪುಟದಿಂದ ಲೆಕ್ಕ), ಬೇಸ್ ಯುಆರ್‌ಎಲ್‌ಗೂ ಇದಕ್ಕೂ ಸಂಬಂಧವಿಲ್ಲ.

ಬ್ರಾಂಚ್‌ನಿಂದ ಪಬ್ಲಿಷ್ ಮಾಡಿದರೆ ಪೇಜಸ್ ತಾನಾಗೇ ಜೆಕಿಲ್ ಅನ್ನೋ ಇನ್ನೊಂದು ಜನರೇಟರ್ ಓಡಿಸುತ್ತೆ. ಜೆಕಿಲ್ ಲೆಕ್ಕದಲ್ಲಿ ಅಂಡರ್‌ಸ್ಕೋರ್‌ನಿಂದ ಶುರುವಾಗೋ ಫೋಲ್ಡರ್ ಒಳಮನೆ ಸಾಮಾನು, ಹೊರಗೆ ಹಾಕಲ್ಲ. ಲೋಗೋ, ಥೀಮ್, ಸರ್ಚ್‌ನ ಸ್ಕ್ರಿಪ್ಟ್ ಎಲ್ಲ ಅದರೊಳಗೇ. ಲೋಕಲ್‌ನಲ್ಲಿ ಜೆಕಿಲ್ ಇಲ್ಲ, ಅದಕ್ಕೇ ಸರಿ ಕಾಣುತ್ತೆ. ನೀವು ತೆಗೆದ ಖಾಲಿ ಫೈಲುಗಳಲ್ಲಿ "ಡಾಟ್ ನೋಜೆಕಿಲ್" (.nojekyll) ಇತ್ತಾ ಅಂತ ಡಿಫ್ (ಏನೇನು ಬದಲಾಯ್ತು ಅನ್ನೋ ಪಟ್ಟಿ) ನೋಡಿ. ಸೊನ್ನೆ ಬೈಟ್ ಫೈಲು, ಆದರೆ ಜೆಕಿಲ್ ಬೇಡ ಅಂತ ಹೇಳೋದೇ ಅದು.

ಕೈಯಲ್ಲಿ ವಾಪಸ್ ಹಾಕಿದ್ರೆ ಮುಂದಿನ ಡಿಪ್ಲಾಯ್‌ನಲ್ಲಿ (ಸೈಟ್ ಏರಿಸುವಾಗ) ಮತ್ತೆ ಅಳಿಸಿ ಹೋಗಬಹುದು. ಸ್ಫಿಂಕ್ಸ್ ಸೆಟ್ಟಿಂಗ್ ಇರೋ ಕಾನ್ಫ್ ಫೈಲಿನ (conf.py) ಎಕ್ಸ್‌ಟೆನ್ಶನ್ ಪಟ್ಟಿಗೆ ಸ್ಫಿಂಕ್ಸ್ ಜೊತೆಗೇ ಬರೋ ಗಿಟ್‌ಹಬ್‌ಪೇಜಸ್ ಎಕ್ಸ್‌ಟೆನ್ಶನ್ ಸೇರಿಸಿ, ಪ್ರತಿ ಬಿಲ್ಡ್‌ನಲ್ಲೂ ಆ ಫೈಲು ತಾನೇ ಹುಟ್ಟುತ್ತೆ. ಸ್ವಂತ ಡೊಮೇನ್ ಇದ್ದು ಎಚ್‌ಟಿಎಂಎಲ್ ಬೇಸ್ ಯುಆರ್‌ಎಲ್ ತುಂಬಿದ್ರೆ ಆ ಡೊಮೇನ್ ಹೆಸರು ಹೇಳೋ ಸಿನೇಮ್ (CNAME) ಫೈಲನ್ನೂ ಬರೆಯುತ್ತೆ, ಕ್ಯಾನೊನಿಕಲ್ ಟ್ಯಾಗೂ ಬರುತ್ತೆ. ಡಿಪ್ಲಾಯ್ ಸ್ಕ್ರಿಪ್ಟ್‌ನಲ್ಲಿ ನಕ್ಷತ್ರ (*) ಹಾಕಿ ಕಾಪಿ ಮಾಡ್ತಿದ್ರೆ ಹುಷಾರ್, ಶೆಲ್ ಚುಕ್ಕಿಯಿಂದ ಶುರುವಾಗೋ ಫೈಲುಗಳನ್ನ ಬಿಟ್ಟುಬಿಡುತ್ತೆ.

ಅರೆಬರೆ_ಕೋಡ್:
ಬಂತು! ಸರ್ಚೂ ಬಂತು. ಒಂದು ಖಾಲಿ ಫೈಲಿಗೆ ಇಷ್ಟು ಗತ್ತಾ.

ಬಿಲ್ಡ್_ಬಿಲ್ಲೆ:
ಹ್ಯೂಗೊ ಜನರೇಟರ್ ಬಳಸಿದ್ರೆ ಈ ಗೋಳೇ ಇರ್ತಿರಲಿಲ್ಲ. ನಮ್ಮದು ಗಿಟ್‌ಹಬ್ ಆಕ್ಷನ್ಸ್‌ನಿಂದ (ಬಿಲ್ಡ್ ತಾನೇ ಓಡಿಸೋ ಸೇವೆ) ನೇರ ಡಿಪ್ಲಾಯ್, ಜೆಕಿಲ್ ಹತ್ತಿರವೂ ಸುಳಿಯಲ್ಲ. ವಾರಕ್ಕೊಮ್ಮೆ ಲಿಂಕ್ ಚೆಕರ್ ಓಡುತ್ತೆ, ಒಡೆದ ಲಿಂಕಿಗೆ ಇಶ್ಯೂ ತಾನೇ ತೆರೆಯುತ್ತೆ.

ಲಿಂಕ್‌ಲೆಕ್ಕಿಗ:
ಚೆಕರ್ ನೋಡೋದು ನಿಮ್ಮ ಪುಟದಿಂದ ಹೊರಡೋ ಲಿಂಕು. ಹೊರಗಿಂದ ನಿಮ್ಮ ಅಳಿಸಿದ ಪುಟಕ್ಕೆ ಬರೋದನ್ನ ಅದು ಹೇಳುತ್ತಾ?

ಅರೆಬರೆ_ಕೋಡ್:
ಸರಿ, ಹಳೇ ಪುಟಗಳಿಗೆ ರಿಡೈರೆಕ್ಟ್ ಹಾಕ್ತೀನಿ. ಪೇಜಸ್‌ನಲ್ಲಿ 301 (ಸರ್ವರ್ ಕೊಡೋ ಶಾಶ್ವತ ರಿಡೈರೆಕ್ಟ್) ಕೊಡಬಹುದಾ? ಹಳೇ ಪಿಡಿಎಫ್ ಕೂಡ ಇದ್ದವು.

ಶೂನ್ಯಬೈಟ್:
ನಿಮಗೆ ಬೇಕಾದ 301 ಅಲ್ಲಿ ಬರೆಯೋಕಾಗಲ್ಲ. ಹಳೇ ದಾರಿಯಲ್ಲೇ ಒಂದು ಪುಟ್ಟ ಎಚ್‌ಟಿಎಂಎಲ್ ಇಟ್ಟು, ಸೊನ್ನೆ ಸೆಕೆಂಡಿನ ಮೆಟಾ ರಿಫ್ರೆಶ್ (ಹೊಸ ಪುಟಕ್ಕೆ ತಾನೇ ಕಳಿಸೋ ಟ್ಯಾಗ್) ಹಾಕಿ. ಗೂಗಲ್ ಅದನ್ನ ಶಾಶ್ವತ ರಿಡೈರೆಕ್ಟ್ ಅಂತಲೇ ತಗೊಳ್ಳುತ್ತೆ. ಪುಟ ಜಾಸ್ತಿ ಇದ್ರೆ ರಿರಿಡೈರೆಕ್ಟ್ಸ್ ಅನ್ನೋ ಸ್ಫಿಂಕ್ಸ್ ಎಕ್ಸ್‌ಟೆನ್ಶನ್‌ಗೆ ಪಟ್ಟಿ ಕೊಟ್ಟರೆ ಆಯ್ತು. ಪಿಡಿಎಫ್‌ಗೆ ಈ ಆಟ ನಡೆಯಲ್ಲ, ಅವನ್ನ ಇದ್ದ ಜಾಗಕ್ಕೇ ವಾಪಸ್ ಹಾಕಿ.