ಅಕ್ವೇರಿಯಂ ಮೂಲೆಯಲ್ಲಿ ನೀರು ಜಿನುಗುತ್ತಿದೆ, ಹೊರಗಿನಿಂದ ಸಿಲಿಕೋನ್ ಬಳಿದರೆ ಸಾಕಾ?

ಪ್ರಶ್ನೆ (ಡೊಂಬಿವಲಿಯಿಂದ):
ನಮಸ್ಕಾರ ಸರ್. ನಮ್ಮದು ಮೂರು ಅಡಿ ಉದ್ದದ ಟ್ಯಾಂಕ್, ಅಗಲ ಮತ್ತು ಎತ್ತರ ಒಂದೂವರೆ ಅಡಿ. ಆರು ವರ್ಷ ಹಳೆಯದು. ಮಳೆ ಶುರುವಾದ ಮೇಲೆ ಮುಂದಿನ ಎಡ ಮೂಲೆಯ ಬುಡದಲ್ಲಿ ಒದ್ದೆಯಾಗುತ್ತಿದೆ. ಒರೆಸಿದರೆ ಸಂಜೆಗೆ ಮತ್ತೆ ಅದೇ ಕಥೆ. ಅಂಗಡಿಯವರು ಹೊರಗಿನಿಂದ ಸಿಲಿಕೋನ್ ಹೊಡೆದುಕೊಡುತ್ತೇವೆ ಅಂತಾರೆ. ಕೆಳಗಿನ ಮನೆಯವರ ಸೀಲಿಂಗ್ ನೆನೆಸಿಕೊಂಡರೇ ಭಯ!

ಉತ್ತರ (ಟ್ಯಾಂಕ್ ಕಟ್ಟುವವರು, ಠಾಣೆ):
ಮೊದಲು ನೀರನ್ನು ಆರು ಇಂಚು ಇಳಿಸಿ, ಆಮೇಲೆ ಮುಂದಕ್ಕೆ ಓದಿ. ನಿಮ್ಮ ಟ್ಯಾಂಕ್ ತುಂಬಿದಾಗ ಸುಮಾರು 190 ಲೀಟರ್. ಮುಂದಿನ ಗಾಜನ್ನು ಆ ನೀರು ಹೆಚ್ಚುಕಡಿಮೆ 95 ಕೆಜಿ ಭಾರದಷ್ಟು ಬಲದಿಂದ ಹೊರಗೆ ತಳ್ಳುತ್ತಿರುತ್ತದೆ. ಆರು ಇಂಚು ಇಳಿಸಿದರೆ ಆ ಬಲ ಅರ್ಧಕ್ಕಿಂತ ಕಡಿಮೆಯಾಗುತ್ತದೆ.

ಇನ್ನು ಅದು ನಿಜವಾಗಿ ಸಂದಿನಿಂದಲೇ ಬರುತ್ತಿದೆಯಾ ನೋಡಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ, ಕರೆಂಟ್ ಹೋದಾಗ ಪೈಪಿನಲ್ಲಿ ನೀರು ವಾಪಸ್ ಇಳಿಯುತ್ತದೆ. ಮೂಲೆಯನ್ನು ಚೆನ್ನಾಗಿ ಒರೆಸಿ, ಮೇಲಿನಿಂದ ಕೆಳಗಿನವರೆಗೆ ಟಿಶ್ಯೂ ತುಂಡುಗಳನ್ನು ಅಂಟಿಸಿ. ಒದ್ದೆಯಾದವುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಎಲ್ಲಿದೆಯೋ ಸೋರಿಕೆ ಅಲ್ಲಿ.

ನನ್ನ ಅನುಮಾನ ಮಾತ್ರ ಸ್ಟ್ಯಾಂಡ್ ಮೇಲೆ. ಸಿಲಿಕೋನ್ ಆರು ವರ್ಷಕ್ಕೆ ತಾನಾಗಿ ಸಾಯುವುದಿಲ್ಲ. ಪಾರ್ಟಿಕಲ್ ಬೋರ್ಡ್ ಸ್ಟ್ಯಾಂಡ್ ಆಗಿದ್ದರೆ ಮಳೆಗಾಲದಲ್ಲಿ ನೀರು ಕುಡಿದು ಊದುತ್ತದೆ. ಮೂರು ಮೂಲೆ ಒಂದೇ ಮಟ್ಟದಲ್ಲಿದ್ದು ನಾಲ್ಕನೆಯದು ತಗ್ಗಿದರೆ ಟ್ಯಾಂಕ್ ತಿರುಚಿಕೊಳ್ಳುತ್ತದೆ. ಗಾಜು ಬಗ್ಗುವುದಿಲ್ಲ, ಜಗ್ಗುವುದೆಲ್ಲಾ ಸಿಲಿಕೋನೇ. ಕೊನೆಗೆ ಮೂಲೆಯಿಂದ ಬಿಡಲು ಶುರುಮಾಡುತ್ತದೆ. ಸ್ಟ್ಯಾಂಡಿನ ಕಾಲುಗಳನ್ನು ಮುಟ್ಟಿ ನೋಡಿ. ಟ್ಯಾಂಕಿನ ತಳಕ್ಕೂ ಹಲಗೆಗೂ ನಡುವೆ ವಿಸಿಟಿಂಗ್ ಕಾರ್ಡ್ ತೂರುತ್ತದಾ ಪರೀಕ್ಷಿಸಿ. ತಳ ಬರೀ ಗಾಜಾಗಿದ್ದರೆ ಅಡಿಗೆ ಥರ್ಮಾಕೋಲ್ ಬೇಕೇ ಬೇಕು. ಆದರೆ ವಕ್ರವಾದ ಸ್ಟ್ಯಾಂಡನ್ನು ಥರ್ಮಾಕೋಲ್ ಸರಿಮಾಡುವುದಿಲ್ಲ. ಪ್ಲಾಸ್ಟಿಕ್ ಫ್ರೇಮ್ ಮೇಲೆ ನಿಲ್ಲುವ ಟ್ಯಾಂಕಿಗೆ ಅದು ಬೇಡ.

ಇನ್ನೊಂದು, ಪಾಚಿ ಕೆರೆಯುವಾಗ ಬ್ಲೇಡನ್ನು ಮೂಲೆವರೆಗೂ ಎಳೆಯುತ್ತೀರಾ? ಒಳಗಿನ ಸಿಲಿಕೋನ್ ಸಲೀಸಾಗಿ ಕತ್ತರಿಸಿ ಹೋಗುತ್ತದೆ, ಕಣ್ಣಿಗೂ ಬೀಳುವುದಿಲ್ಲ.

ಹೊರಗಿನಿಂದ ಬಳಿಯುವುದು ಸುಮ್ನೆ ದುಡ್ಡು ದಂಡ. ಒದ್ದೆ ಗಾಜಿಗೆ ಸಿಲಿಕೋನ್ ಹಿಡಿಯುವುದಿಲ್ಲ, ಹಿಡಿದರೂ ನೀರು ಒಳಗಿನಿಂದ ಅದನ್ನು ತಳ್ಳುತ್ತಲೇ ಇರುತ್ತದೆ.

ಪ್ರಶ್ನೆ ಕೇಳಿದವರು:
ಕಾರ್ಡ್ ಪೂರ್ತಿ ಒಳಗೆ ಹೋಯ್ತು ಸರ್, ಅದೇ ಎಡ ಮೂಲೆಯಲ್ಲಿ. ಒಳಗಿನಿಂದ ನಾನೇ ಮಾಡಬಹುದಾ? ಮಳೆಗಾಲದಲ್ಲಿ ಒಣಗುತ್ತದಾ?

ಉತ್ತರ:
ಕಾರ್ಡ್ ಹೋಯ್ತು ಎಂದರೆ ಸ್ಟ್ಯಾಂಡ್ ಆ ಮೂಲೆಯಲ್ಲಿ ತಗ್ಗಿದೆ, ಮೊದಲು ಅದು ಸರಿಯಾಗಬೇಕು. ಇನ್ನು ಎರಡು ಗಾಜುಗಳ ನಡುವಿನ ಸಂದನ್ನು ಟಾರ್ಚ್ ಹಾಕಿ ನೋಡಿ. ಅಲ್ಲಿ ಗುಳ್ಳೆಯೋ ಬಿಳಿ ಪಟ್ಟಿಯೋ ಉದ್ದಕ್ಕೆ ಹರಡಿದ್ದರೆ ಬಿಚ್ಚಿ ಮತ್ತೆ ಕಟ್ಟಿಸಬೇಕು. ಇಲ್ಲದಿದ್ದರೆ ನೀವೇ ಮಾಡಬಹುದು. ಒಳಗಿನ ಅಂಚಿನ ಸಿಲಿಕೋನನ್ನು ಆ ಒಂದು ಮೂಲೆಯಲ್ಲಷ್ಟೇ ಅಲ್ಲ, ಸುತ್ತಲೂ ತೆಗೆಯಿರಿ. ಹೊಸ ಸಿಲಿಕೋನ್ ಹಳೆಯದಕ್ಕೆ ಗಟ್ಟಿಯಾಗಿ ಅಂಟುವುದಿಲ್ಲ. ಆಮೇಲೆ ಅಸಿಟೋನ್‌ನಿಂದ ಒರೆಸಿ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ, ಕೈ ಜಿಡ್ಡೇ ಸಾಕು ಕೆಡಿಸಲು. ಮಾಸ್ಕಿಂಗ್ ಟೇಪ್ ಅಂಟಿಸಿ, ಸಿಲಿಕೋನ್ ಎಳೆದು, ಕೆನೆ ಕಟ್ಟುವ ಮೊದಲೇ ಸವರಿ ಟೇಪ್ ಕಿತ್ತುಬಿಡಿ.

ಬಾತ್‌ರೂಮಿಗೆಂದು ಮಾರುವ, ಫಂಗಸ್ ತಡೆಯುತ್ತದೆ ಎಂದು ಬರೆದ ಟ್ಯೂಬ್ ಬೇಡ. ಅದರಲ್ಲಿನ ಔಷಧಿ ಮೀನಿಗೆ ವಿಷ. ಮಳೆಗಾಲದ ಚಿಂತೆ ಬಿಡಿ, ಸಿಲಿಕೋನ್ ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಗಾಜು ಒಣಗಿದ್ದರಾಯಿತು. ಒಂದು ವಾರ ಬಿಡಿ. ಹಸಿ ಸಿಲಿಕೋನಿನಿಂದ ಬರುವ ವಿನೆಗರ್ ವಾಸನೆ ಪೂರ್ತಿ ಹೋದ ಮೇಲೆ ಬಾತ್‌ರೂಮಿನಲ್ಲಿ ಸಮತಟ್ಟಾದ ಹಲಗೆ ಮೇಲಿಟ್ಟು ಸ್ವಲ್ಪ ಸ್ವಲ್ಪವೇ ತುಂಬಿಸಿ ಎರಡು ದಿನ ನೋಡಿ. ಮೀನುಗಳು ಅಲ್ಲಿಯವರೆಗೆ ದೊಡ್ಡ ಟಬ್ಬಿನಲ್ಲಿರಲಿ. ಫಿಲ್ಟರ್ ಸ್ಪಂಜ್ ಕೂಡ ಅದರಲ್ಲೇ ಓಡುತ್ತಿರಲಿ.

ಇನ್ನೊಬ್ಬರು (ಮುಲುಂಡ್):
ಅಣ್ಣ, ನಮ್ಮ ಹೋಟೆಲ್ ಕೌಂಟರ್ ಪಕ್ಕದ ನಾಲ್ಕಡಿ ಟ್ಯಾಂಕಿಗೆ ಹತ್ತು ವರ್ಷ ಆಯ್ತು ಮಾರಾಯ್ರೇ. ಬದಲಾಯಿಸಲೇಬೇಕಾ?

ಉತ್ತರ:
ವಯಸ್ಸು ನೋಡಿ ಬಿಸಾಡಬೇಡಿ ಶೆಟ್ರೇ. ಸಿಲಿಕೋನ್ ಮತ್ತು ಗಾಜಿನ ನಡುವೆ ಹಸಿರು ಪಾಚಿ ನುಸುಳಿದೆಯಾ ನೋಡಿ. ನುಸುಳಿದ್ದರೆ ಅಲ್ಲಿ ಹಿಡಿತ ಬಿಟ್ಟಿದೆ ಎಂದರ್ಥ. ಫೋಟೊ ಹಾಕಿ. ಮತ್ತೆ ಸ್ವಚ್ಛ ಮಾಡುವ ಹುಡುಗರು ಅರ್ಧ ನೀರಿಟ್ಟುಕೊಂಡೇ ಟ್ಯಾಂಕನ್ನು ಸರಿಸುತ್ತಾರಾ? ಅದನ್ನು ಇವತ್ತೇ ನಿಲ್ಲಿಸಿ.