ತಾಲ್ಲೂಕು ಕೇಂದ್ರದಲ್ಲಿ ಹೆರಿಗೆ ಆಸ್ಪತ್ರೆ: ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಳ್ಳಬೇಕೇ? ಅನುಭವವಿದ್ದವರು ತಿಳಿಸಿ

ಹೊಸಮನೆ

ನಾನು ಪ್ರಸೂತಿ ತಜ್ಞೆ. ಎಂಟು ವರ್ಷ ಬೆಂಗಳೂರಿನಲ್ಲಿ ಸಂಬಳಕ್ಕೆ ದುಡಿದು, ಈಗ ಹಾವೇರಿ ಜಿಲ್ಲೆಯ ನನ್ನ ಊರಿನಲ್ಲಿ ಆರು ಹಾಸಿಗೆಗಳ ಹೆರಿಗೆ ಆಸ್ಪತ್ರೆ ತೆರೆಯಬೇಕೆಂದಿದ್ದೇನೆ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ, ತ್ಯಾಜ್ಯದ ಅನುಮತಿ, ಭ್ರೂಣಲಿಂಗ ಪತ್ತೆ ತಡೆಯುವ ಕಾಯ್ದೆಯ (ಪಿಸಿಪಿಎನ್‌ಡಿಟಿ) ನೋಂದಣಿ, ಈ ಮೂರನ್ನೂ ಒಬ್ಬಳೇ ನಿಭಾಯಿಸಬಹುದೇ? ಸ್ಕ್ಯಾನಿಂಗ್ ಇಲ್ಲೇ ಮಾಡಬೇಕೇ, ಅಥವಾ ಗರ್ಭಿಣಿಯರನ್ನು 38 ಕಿಲೋಮೀಟರ್ ದೂರದ ಕೇಂದ್ರಕ್ಕೆ ಕಳುಹಿಸಬೇಕೇ? ನಡೆದು ಬಂದವರು ದಯವಿಟ್ಟು ಹೇಳಿ.

ತುಂಗಾತೀರ

ಯಂತ್ರ ಬೇಡ ತಂಗಿ. ಇಪ್ಪತ್ತಾರು ವರ್ಷ ಹೆರಿಗೆ ಮಾಡಿಸಿದವಳು ಹೇಳುತ್ತಿದ್ದೇನೆ.

2016ರ ಆಷಾಢದ ಒಂದು ಮಂಗಳವಾರ ತಪಾಸಣಾ ತಂಡ ಬಂತು. ಗರ್ಭಿಣಿಯ ಪ್ರತಿ ಸ್ಕ್ಯಾನಿಗೂ ತುಂಬಬೇಕಾದ, ಮೂರು ತಿಂಗಳ 412 ಎಫ್ ಫಾರ್ಮ್‌ಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದೊಂದಾಗಿ ನೋಡಿದರು. ಒಂದರಲ್ಲಿ ಸ್ಕ್ಯಾನ್ ಮಾಡಿದ ಕಾರಣದ ಅಂಕಣ ಖಾಲಿ ಉಳಿದಿತ್ತು, ಇನ್ನೊಂದರಲ್ಲಿ ಗರ್ಭಿಣಿಯ ಸಹಿ ಇರಲಿಲ್ಲ. ಆ ಸಹಿ ಯಾರದೆಂದು ನನಗೆ ಇಂದಿಗೂ ನೆನಪಿದೆ: ಏಳು ತಿಂಗಳಿಗೇ ರಕ್ತ ಹೋಗಲು ಶುರುವಾಗಿ, ರಾತ್ರಿ ಒಂದೂವರೆಗೆ ಟ್ರ್ಯಾಕ್ಟರ್‌ನಲ್ಲಿ ಬಂದವಳು. ಮಾಸು ಗರ್ಭದ ಬಾಯಿಗೆ ಅಡ್ಡವಾಗಿ ಕೆಳಗಿರುವುದು ಕಂಡ ಕೂಡಲೇ ಆಂಬುಲೆನ್ಸ್ ಹತ್ತಿಸಿ ಜಿಲ್ಲಾಸ್ಪತ್ರೆಗೆ ಕಳುಹಿಸಿದ್ದೆ. ತಾಯಿ, ಮಗು ಇಬ್ಬರೂ ಉಳಿದರು. ಆ ಫಾರ್ಮ್ ಮಾತ್ರ ನನ್ನನ್ನು ನ್ಯಾಯಾಲಯಕ್ಕೆ ಎಳೆಯಿತು.

ಮಹಜರು ಬರೆದು ಯಂತ್ರಕ್ಕೆ ಬಿಳಿ ಬಟ್ಟೆ ಸುತ್ತಿ, ಗಂಟಿನ ಮೇಲೆ ಅರಗು ಕರಗಿಸಿ ಮೊಹರು ಒತ್ತಿದರು. ದಾಖಲೆಯಲ್ಲಿನ ಕೊರತೆಯನ್ನೇ ಉಲ್ಲಂಘನೆ ಎಂದು ಪಿಸಿಪಿಎನ್‌ಡಿಟಿ ಕಾಯ್ದೆಯ ನಾಲ್ಕನೆಯ ಕಲಂ ಹೇಳುತ್ತದೆ, ಹಾಗಲ್ಲವೆಂದು ರುಜುವಾತುಪಡಿಸುವ ಹೊಣೆ ಸ್ಕ್ಯಾನ್ ಮಾಡಿದವರ ಮೇಲೆಯೇ ಬೀಳುತ್ತದೆ. ನಾನು ಆಂಬುಲೆನ್ಸ್ ಚೀಟಿ, ವಾರ್ಡಿನ ರಿಜಿಸ್ಟರ್, ಜಿಲ್ಲಾಸ್ಪತ್ರೆಯ ದಾಖಲಾತಿ, ಎಲ್ಲವನ್ನೂ ಹೊಂದಿಸಿ ರುಜುವಾತು ಮಾಡಿದೆ. ಅದಕ್ಕೆ 23 ವಾಯಿದೆಗಳು ಬೇಕಾದವು. ವಕೀಲರಿಗೆ 1,80,000 ರೂಪಾಯಿ ಹೋಯಿತು. ಹದಿನಾಲ್ಕು ತಿಂಗಳು ಮೊಹರಿನೊಳಗಿದ್ದ ಯಂತ್ರಕ್ಕೆ ತಿಂಗಳಿಗೆ 31,400ರಂತೆ 4,39,600 ರೂಪಾಯಿ ಬ್ಯಾಂಕಿಗೆ ಕಟ್ಟಿದೆ. ವಾಯಿದೆಯ ದಿನಗಳಲ್ಲಿ ಮುಚ್ಚಿದ ಹೊರರೋಗಿ ವಿಭಾಗದ ಲೆಕ್ಕವನ್ನು ನಾನು ಇಟ್ಟಿಲ್ಲ. ಬಿಡುಗಡೆಯಾದ ವಾರವೇ ಯಂತ್ರವನ್ನು ಮಾರಿದೆ.

ಕಪ್ಪುಬಿಳುಪು

ಮೇಡಂ ಪಟ್ಟ ಪಾಡು ಸಣ್ಣದಲ್ಲ. ಹಾಗೆಂದು ಹೊಸಬರಿಗೆಲ್ಲ ಬೇಡವೆಂದು ಬರೆಯುವುದನ್ನು ನಾನು ಒಪ್ಪಲಾರೆ. ನಾನು ರೇಡಿಯಾಲಜಿಸ್ಟ್, ಚಿತ್ರದುರ್ಗದ ಕಡೆ ಹದಿಮೂರು ವರ್ಷದಿಂದ ಎರಡು ಯಂತ್ರ ನಡೆಸುತ್ತಿದ್ದೇನೆ, ಒಂದೇ ಒಂದು ನೋಟಿಸ್ ಬಂದಿಲ್ಲ. ಎಫ್ ಫಾರ್ಮ್‌ಗೆಂದೇ ಪದವಿ ಓದಿದ ಹುಡುಗಿಯನ್ನು ತಿಂಗಳಿಗೆ 14,000 ಕೊಟ್ಟು ಇಟ್ಟುಕೊಂಡಿದ್ದೇನೆ. ಆಕೆ ಫಾರ್ಮ್ ಓದಿ ಹೇಳಿ ಸಹಿ ಹಾಕಿಸುತ್ತಾಳೆ, ನಾನು ಸಂಜೆ ಅಷ್ಟನ್ನೂ ಮತ್ತೊಮ್ಮೆ ನೋಡಿಯೇ ಮನೆಗೆ ಹೋಗುತ್ತೇನೆ. ತಿಂಗಳ ವರದಿ ಐದನೇ ತಾರೀಖಿನೊಳಗೆ ತಲುಪಬೇಕು; ನಮ್ಮದು ಎರಡರಂದೇ ಹೋಗಿರುತ್ತದೆ. ನೋಂದಣಿ ಶುಲ್ಕ 25,000, ಐದು ವರ್ಷಕ್ಕೊಮ್ಮೆ ನವೀಕರಣ. ಯಂತ್ರ ಬದಲಾದರೂ, ಜಾಗ ಬದಲಾದರೂ, ಸಿಬ್ಬಂದಿ ಬದಲಾದರೂ 30 ದಿನ ಮೊದಲೇ ತಿಳಿಸಬೇಕು. ಇದರಲ್ಲಿ ಯಾವುದು ಮಾಡಲಾಗದ ಕೆಲಸ?

ಬರವಣಿಗೆಯ ತಪ್ಪಿಗೆ ಜೈಲೇ ಎಂದು ಕೇಳಿದ ಪ್ರಸೂತಿ ತಜ್ಞರ ಒಕ್ಕೂಟದ ಅರ್ಜಿಯನ್ನು ಸುಪ್ರೀಂ ಕೋರ್ಟು 2019ರ ಮೇ 3ರಂದು ತಳ್ಳಿಹಾಕಿ, ಎಫ್ ಫಾರ್ಮ್ ಗುಮಾಸ್ತಿಕೆಯ ಕಾಗದವಲ್ಲವೆಂದು ಸ್ಪಷ್ಟವಾಗಿ ಹೇಳಿತು. 2023ರ ನವೆಂಬರ್‌ನಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಭ್ರೂಣಲಿಂಗ ಪತ್ತೆ ನಡೆಯುತ್ತಿದ್ದುದು ಬಯಲಾದಾಗ ನಾವೆಲ್ಲ ತಲೆ ತಗ್ಗಿಸಿದೆವು. ಬೆಲ್ಲ ಬೇಯಿಸುವ ಜಾಗಕ್ಕೆ ಯಂತ್ರ ಹೋಗಿತ್ತು. ಖಾಲಿ ಅಂಕಣವನ್ನು ಒಮ್ಮೆ ಕ್ಷಮಿಸಿದರೆ, ಕಳ್ಳ ಯಂತ್ರಗಳೆಲ್ಲ ಅದೇ ಅಂಕಣದಲ್ಲಿ ನುಸುಳುತ್ತವೆ.

ತುಂಗಾತೀರ

ಆಲೆಮನೆಯ ಯಂತ್ರಕ್ಕೆ ಎಫ್ ಫಾರ್ಮೇ ಇರಲಿಲ್ಲ ಡಾಕ್ಟರೇ! ಫಾರ್ಮ್ ತುಂಬಿದವಳು ನಾನು, ಆದ್ದರಿಂದ ಸಿಕ್ಕಿದವಳೂ ನಾನು. ನಿಮ್ಮ ಸೆಂಟರಿಗೆ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಚೀಟಿ ಹಿಡಿದು ಬರುವವರನ್ನೂ, ನನ್ನ ಬಾಗಿಲು ನಡುರಾತ್ರಿ ಬಡಿಯುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಸೂಲಗಿತ್ತಿಯ ಮಗ

ಎಲ್ಲರೂ ಸ್ಕ್ಯಾನಿಂಗ್ ಹಿಡಿದು ಕುಳಿತಿದ್ದಾರೆ. ದಿನವೂ ಕಾಡುವುದು ತ್ಯಾಜ್ಯ. ನನ್ನದು ಹತ್ತು ಹಾಸಿಗೆ. ನನ್ನ ತಾಯಿ ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿ, ಮಾಸನ್ನು ಹಿತ್ತಲಿನಲ್ಲಿ ಮೊಳಕಾಲುದ್ದ ಗುಂಡಿ ತೋಡಿ ಹೂಳುತ್ತಿದ್ದರು. ಅದೇ ಮಾಸನ್ನು ನಾನು ಹಳದಿ ಚೀಲಕ್ಕೆ ಹಾಕಿ, ತೂಗಿ, ಬಾರ್‌ಕೋಡ್ ಅಂಟಿಸಿ, ವ್ಯಾನಿಗೆ ಕಾಯಬೇಕು. 75 ಕಿಲೋಮೀಟರ್ ಒಳಗೆ ಸಾಮೂಹಿಕ ಸಂಸ್ಕರಣಾ ಘಟಕವಿದ್ದರೆ ನಾವೇ ವಿಲೇವಾರಿ ಮಾಡುವಂತಿಲ್ಲ. ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತೆಯೂ ಇಲ್ಲ. ವ್ಯಾನು ನಾಲ್ಕು ದಿನ ಬಾರದಿದ್ದರೆ? ಕಳೆದ ಗೌರಿ ಹಬ್ಬದ ವಾರದಲ್ಲಿ ಹಾಗೇ ಆಯಿತು. ಮೂರು ಮಾಸುಗಳಿದ್ದವು. ಘಟಕಕ್ಕೆ ಹದಿನೇಳು ಬಾರಿ ಫೋನು ಮಾಡಿದೆ; ಪ್ರತಿ ಕರೆಯ ಸಮಯವನ್ನೂ ರಿಜಿಸ್ಟರಿನಲ್ಲಿ ಬರೆದು, ಮಾಲಿನ್ಯ ನಿಯಂತ್ರಣ ಮಂಡಳಿಗೆ ಇಮೇಲ್ ಹಾಕಿದೆ. ಆಮೇಲೆ 17,500 ರೂಪಾಯಿ ಕೊಟ್ಟು ಫ್ರೀಜರ್ ತಂದೆ.

ಹಾಸಿಗೆ ಖಾಲಿಯಿರಲಿ, ತುಂಬಿರಲಿ, ದಿನಕ್ಕೆ ಹಾಸಿಗೆಯೊಂದಕ್ಕೆ 11 ರೂಪಾಯಿಯಂತೆ ತಿಂಗಳಿಗೆ 3,300 ಕೊಡುತ್ತಿದ್ದೆ. 2022ರ ಜುಲೈ 18ರಿಂದ 2025ರ ಸೆಪ್ಟೆಂಬರ್‌ವರೆಗೆ ಅದರ ಮೇಲೆ ಶೇಕಡಾ 12ರ ಜಿಎಸ್‌ಟಿ ಬಿದ್ದು 3,696 ಆಗಿತ್ತು. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲದ ಕಾರಣ ನಾವು ಕಟ್ಟಿದ ತೆರಿಗೆಯನ್ನು ಎಲ್ಲಿಯೂ ವಜಾ ಮಾಡಿಕೊಳ್ಳಲಾಗದು. 1998ರ ತ್ಯಾಜ್ಯ ನಿಯಮಗಳಲ್ಲಿ ತಿಂಗಳಿಗೆ ಸಾವಿರಕ್ಕಿಂತ ಕಡಿಮೆ ರೋಗಿಗಳಿದ್ದ ಕ್ಲಿನಿಕ್ಕಿಗೆ ಅನುಮತಿಯೇ ಬೇಕಿರಲಿಲ್ಲ, 2016ರ ನಿಯಮಗಳಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಜೂನ್ 30ರೊಳಗೆ ವಾರ್ಷಿಕ ವರದಿ ಬೇರೆ.

ಇಷ್ಟೆಲ್ಲ ಮಾಡುವ ನಮ್ಮ ಎದುರು ಬೀದಿಯಲ್ಲಿ, ಹಸಿರು ಫಲಕದಡಿ ಕುಳಿತು ದಿನಕ್ಕೆ ಇಪ್ಪತ್ತು ಜನರಿಗೆ ಗ್ಲೂಕೋಸ್ ಏರಿಸಿ ಸೂಜಿಯನ್ನು ಚರಂಡಿಗೆ ಎಸೆಯುವವರನ್ನು ಯಾರೂ ಕೇಳುವುದಿಲ್ಲ.

ಕಷಾಯದ ಮನೆ

ಹಸಿರು ಫಲಕವೆಂದರೆ ಆಯುರ್ವೇದ ಎಂದು ಸರ್ಕಾರ ಬಣ್ಣ ಗೊತ್ತುಮಾಡಿದ್ದು ನಕಲಿ ವೈದ್ಯರು ಜನರಿಗೆ ಕಾಣಲಿ ಎಂದು. ನೀವು ಅದನ್ನೇ ನಮ್ಮ ಹಣೆಗೆ ಅಂಟಿಸುತ್ತಿದ್ದೀರಿ. ಐದೂವರೆ ವರ್ಷ ಓದಿ ಪದವಿ ಪಡೆದವನು ನಾನು. ಕೆಪಿಎಂಇ ನೋಂದಣಿ ನಿಮಗಿರುವಂತೆ ನನಗೂ ಇದೆ. ಸೋರಿದ ಮಾಳಿಗೆಯಿಂದಾಗಿ ತಪಾಸಣೆಯಲ್ಲಿ ಅರ್ಜಿ ತಿರಸ್ಕೃತವಾಗಿ, 62,000 ಖರ್ಚು ಮಾಡಿ ಮಾಳಿಗೆ ಸರಿಪಡಿಸಿ, ಮತ್ತೆ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್‌ಒ) ಕಚೇರಿಗೆ ಒಂಬತ್ತು ಬಾರಿ ಅಲೆದು ನೋಂದಣಿ ಪಡೆದೆ. ನನ್ನ ಚಿಕಿತ್ಸಾಲಯದಲ್ಲಿ ಗ್ಲೂಕೋಸ್ ಬಾಟಲಿ ಇಲ್ಲ. ಆ ಮನುಷ್ಯನ ಮೇಲೆ ದೂರು ಕೊಡುವುದನ್ನು ಬಿಟ್ಟು ಒಂದು ಪದ್ಧತಿಯನ್ನೇ ದೂಷಿಸುವುದು ನಿಮ್ಮ ತಾಯಿಯ ಹೆಸರಿಟ್ಟುಕೊಂಡವರಿಗೆ ತಕ್ಕದ್ದಲ್ಲ.

ಸೂಲಗಿತ್ತಿಯ ಮಗ

ನನ್ನ ತಾಯಿಯ ಮಾತು ಬೇಡ. ದೂರು ಎರಡು ಬಾರಿ ಕೊಟ್ಟಿದ್ದೇನೆ, ಸ್ವೀಕೃತಿ ಪತ್ರಗಳಿವೆ. ನಿಮ್ಮಂಥವರನ್ನು ಸೇರಿಸಿ ಬರೆದದ್ದು ತಪ್ಪಾಯಿತು, ಆ ಮಾತನ್ನಷ್ಟು ಹಿಂದಕ್ಕೆ ಪಡೆಯುತ್ತೇನೆ. ಚರಂಡಿಯ ಸೂಜಿಯ ಮಾತನ್ನು ಪಡೆಯುವುದಿಲ್ಲ. ಅದು ಚುಚ್ಚಿದ್ದು ನಮ್ಮ ಪೌರಕಾರ್ಮಿಕ ಮಹಿಳೆಯ ಅಂಗಾಲಿಗೆ.

ಅಣ್ಣನ ನೆನಪು

ನಾನು ವೈದ್ಯನಲ್ಲ. ತಮ್ಮೆಲ್ಲರ ಖರ್ಚಿನ ಪಟ್ಟಿ ಓದಿದ ಮೇಲೆ ಬರೆಯದೆ ಇರಲಾಗಲಿಲ್ಲ. 2015ರಲ್ಲಿ ನನ್ನ ಅಣ್ಣ ತೀರಿಕೊಂಡಾಗ, ಬಾಕಿ 84,000 ಕಟ್ಟುವವರೆಗೆ ಶವ ಕೊಡಲಿಲ್ಲ. ಅತ್ತಿಗೆಯ ಎರಡೆಳೆ ಸರ ಗಿರವಿ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು, ಮಧ್ಯಾಹ್ನ ಮೂರರಿಂದ ರಾತ್ರಿ ಎಂಟೂವರೆಯವರೆಗೆ, ನಾವು ಮೆಟ್ಟಿಲ ಮೇಲೆ ಕುಳಿತಿದ್ದೆವು. ಬಾಕಿ ಹಣಕ್ಕಾಗಿ ಶವ ತಡೆಯಬಾರದು, ತುರ್ತು ಚಿಕಿತ್ಸೆಗೆ ಮುಂಗಡ ಕೇಳಬಾರದು ಎಂಬುದು 2017ರ ಕೆಪಿಎಂಇ ತಿದ್ದುಪಡಿಯಲ್ಲಿ ಬಂತು. ಆ ತಿದ್ದುಪಡಿಯ ವಿರುದ್ಧವೇ ತಾವು ಬೆಳಗಾವಿ ಅಧಿವೇಶನದ ಹೊತ್ತಿಗೆ ಆಸ್ಪತ್ರೆಗಳನ್ನು ಮುಚ್ಚಿದಿರಿ.

ಕಪ್ಪುಬಿಳುಪು

ಮುಷ್ಕರದಲ್ಲಿ ನಾನೂ ಇದ್ದೆ. ನಮ್ಮ ವಿರೋಧವಿದ್ದದ್ದು ವೈದ್ಯರನ್ನು ಜೈಲಿಗೆ ಹಾಕುವ ಪ್ರಸ್ತಾವಕ್ಕೆ, ಸರ್ಕಾರವೇ ಎಲ್ಲ ದರ ನಿಗದಿ ಮಾಡುವುದಕ್ಕೆ, ಶವದ ವಿಷಯಕ್ಕಲ್ಲ. ನಿಮ್ಮ ಅಣ್ಣನಿಗೆ ಆದದ್ದನ್ನು ಯಾವ ವೈದ್ಯನೂ ಸಮರ್ಥಿಸಲಾರ.

ಅಣ್ಣನ ನೆನಪು

ಆ ಐದೂವರೆ ಗಂಟೆಯಲ್ಲಿ ಅಲ್ಲಿದ್ದ ಒಬ್ಬ ವೈದ್ಯರೂ ಹೊರಗೆ ಬಂದು ಅದು ತಪ್ಪೆಂದು ಹೇಳಲಿಲ್ಲ ಸರ್.

ತುಂಗಾತೀರ

ಇವರು ಹೇಳುವುದು ನಿಜ. ನಾನು ಆ ಮುಷ್ಕರಕ್ಕೆ ಹೋಗಲಿಲ್ಲ. ಆ ವಾರ ನನಗೂ ನ್ಯಾಯಾಲಯದಲ್ಲಿ ವಾಯಿದೆಯಿತ್ತು, ಜೊತೆಗೆ ಹೆರಿಗೆಗಳು ಮುಷ್ಕರ ಮುಗಿಯಲೆಂದು ಕಾಯುವುದಿಲ್ಲ. ಜೈಲಿನ ಪ್ರಸ್ತಾವವನ್ನು ವಿರೋಧಿಸಿ ಬೀದಿಗಿಳಿದವರೇ, ಒಂದು ಸಹಿಗಾಗಿ ಮೂರು ವರ್ಷದ ಶಿಕ್ಷೆಯ ಕಲಮಿನಡಿ ನಾನು ನಿಂತಾಗ ಫಾರ್ಮ್ ಸರಿಯಾಗಿ ತುಂಬಬೇಕಿತ್ತು ಎನ್ನುತ್ತಾರೆ.

ಕಪ್ಪುಬಿಳುಪು

ತುಂಬಬೇಕಿತ್ತು ಮೇಡಂ. ಇದನ್ನು ನಾನು ನಿಮ್ಮೆದುರು ಕುಳಿತರೂ ಹೇಳುತ್ತೇನೆ. ಆಕೆಯ ಹೆಬ್ಬೆಟ್ಟು ಒತ್ತಿಸಲು ಅರ್ಧ ನಿಮಿಷ ಸಾಕು.

ಹೊಸಮನೆ

ಎಲ್ಲರಿಗೂ ಕೃತಜ್ಞತೆಗಳು. ತ್ಯಾಜ್ಯಕ್ಕೆ ಮೊದಲೇ ಫ್ರೀಜರ್ ಕೊಳ್ಳುತ್ತೇನೆ. ಸ್ಕ್ಯಾನಿಂಗ್ ಬಗ್ಗೆ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ. ಮೇಡಂ, ಆ ರಾತ್ರಿ ನಿಮ್ಮಲ್ಲಿ ಯಂತ್ರ ಇರದಿದ್ದರೆ ಆಕೆಯ ಗತಿ ಏನಾಗುತ್ತಿತ್ತು?

ತುಂಗಾತೀರ

ಮಾಸು ಕೆಳಗಿದ್ದುದು ತಿಳಿಯದೆ ಒಳಪರೀಕ್ಷೆಗೆ ಕೈ ಹಾಕಿದ್ದರೆ ಮೇಜಿನ ಮೇಲೆಯೇ ಹೋಗುತ್ತಿದ್ದಳು. ಅದು ನನಗೂ ಗೊತ್ತು ತಂಗಿ. ತಂದೇ ತರುವಿರಾದರೆ ಎಫ್ ಫಾರ್ಮ್, ಪೆನ್ನು, ಹೆಬ್ಬೆಟ್ಟಿನ ಶಾಯಿಯ ಪ್ಯಾಡು ಮೂರನ್ನೂ ಸ್ಕ್ಯಾನಿಂಗ್ ಮಂಚಕ್ಕೇ ದಾರ ಕಟ್ಟಿ ತೂಗುಹಾಕಿ. ಎಂಥ ರಾತ್ರಿಯಾದರೂ ಸರಿ, ಗುರುತು ಬೀಳದೆ ಹೊಟ್ಟೆಗೆ ಜೆಲ್ ಹಚ್ಚಬೇಡಿ.